ಗೆರೆಯ ಸುಣ್ಣ, ಎಲೆಯ ಸುಣ್ಣ

ಜಾಲಹಳ್ಳಿಯ ಶಾಲೆಗೆ ಹೊಸದಾಗಿ ದೈಹಿಕ ಶಿಕ್ಷಕಿಯಾಗಿ ಬಂದ ಹೆಣ್ಣುಮಗಳೊಬ್ಬಳು ಕಳೆದ ದೀಪಾವಳಿಗೆ ಮುಂಚೆ ರಾಯಚೂರಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. ನನ್ನ ಮೊದಲ ನೌಕರಿ ಅದೇ ಶಾಲೆಯಲ್ಲಿ ಎಂದು ಯಾರೋ ಹೇಳಿದ್ದರಂತೆ. ಚಹಾ ಕುಡಿದು ಹೊರಡುವಾಗ, "ಸರ್, ಟ್ರೇನಿಂಗಿನ್ಯಾಗ ಹೇಳಿಕೊಡಲಾರದ್ದು ಏನರ ಇದ್ರ ಬರದು ಕೊಡ್ರಿ, ನಮ್ಮಂಥೋರಿಗೆ ಉಪಯೋಗ ಆಗ್ತದ" ಎಂದಳು. ಆಗಲಿ ಎಂದೆ. ಆಗ ನನಗೆ ಹೇಳಲು ಬಹಳ ಇತ್ತು. ವಯಸ್ಸಾದವರೂ ಆಡಬೇಕು, ಆಟ ಬಿಟ್ಟವನ ಮೈ ಬೇಗ ಮುದುಡುತ್ತದೆ, ಇದನ್ನೇ ಮುಖ್ಯವಾಗಿ ಬರೆಯಬೇಕು ಎಂದು ಯೋಚಿಸಿಟ್ಟುಕೊಂಡಿದ್ದೆ.

ಅದಾಗಿ ಒಂದೂವರೆ ತಿಂಗಳಿಗೆ ನನ್ನ ಗೆಳೆಯ ಮೌಲಾಸಾಬ ತೀರಿಕೊಂಡ. ನಾನೇ ಆಡಿಸುತ್ತಿದ್ದ ಆಟದಲ್ಲಿ, ನಾನೇ ಎಳೆದ ಗೆರೆಯ ಹತ್ತಿರ. ಈಗ ಬರೆಯಲು ಕುಳಿತರೆ ಮೊದಲು ಯೋಚಿಸಿದ್ದು ನಿಜವೋ ಸುಳ್ಳೋ ತಿಳಿಯದಾಗಿದೆ. ಆದರೆ ಮಾತು ಕೊಟ್ಟಿದ್ದೇನೆ. ನೆನಪಾದ ಹಾಗೆ ಬರೆಯುತ್ತೇನೆ.

ನಾನು ಹೆಚ್ಚು ಓದಿದವನಲ್ಲ. ಎಸ್ಸೆಸ್ಸೆಲ್ಸಿ ಆದ ಮೇಲೆ ದೈಹಿಕ ಶಿಕ್ಷಣದ ತರಬೇತಿ ಮುಗಿಸಿ ದೇವದುರ್ಗ ತಾಲೂಕಿನ ಜಾಲಹಳ್ಳಿಗೆ ಹೋದೆ. ಶಾಲೆಗೆ ಆಟದ ಮೈದಾನ ಇದೆ ಎಂದು ಕಾಗದದಲ್ಲಿತ್ತು. ಹೋಗಿ ನೋಡಿದರೆ ಶಾಲೆಯ ಹಿಂದೆ ಒಂದು ತುಂಡು ಎರೆ ಭೂಮಿ. ಅದರ ಒಂದು ಮೂಲೆಯಲ್ಲಿ ಜೋಳದ ಕಣಿಕೆಯ ಬಣವೆ, ಉಳಿದ ಕಡೆ ಕುರಿಗಳು. ಬೇಸಿಗೆಯಲ್ಲಿ ಆ ನೆಲ ಮಕ್ಕಳ ಪಾದ ಇಳಿಯುವಷ್ಟು ಬಿರುಕು ಬಿಡುತ್ತಿತ್ತು. ಮಳೆ ಬಂದರೆ ಒಂದೊಂದು ಕಾಲಿಗೂ ಒಂದೊಂದು ಹೆಂಟೆ ಅಂಟಿಕೊಳ್ಳುತ್ತಿತ್ತು. ಆಡಲು ಯೋಗ್ಯವಾದ ದಿನಗಳು ವರ್ಷದಲ್ಲಿ ಬಹಳ ಇರಲಿಲ್ಲ.

ಕೆಲಸವೂ ನಾನು ಅಂದುಕೊಂಡಂತೆ ಇರಲಿಲ್ಲ. ಗಂಟೆ ಹೊಡೆಯುವುದು, ಗೇಟಿನಲ್ಲಿ ನಿಲ್ಲುವುದು, ಯಾವ ಮಾಸ್ತರರು ರಜೆ ಹಾಕಿದರೂ ಅವರ ತರಗತಿಯಲ್ಲಿ ಕೂರುವುದು, ರಾಷ್ಟ್ರೀಯ ಹಬ್ಬಕ್ಕೆ ಮಕ್ಕಳನ್ನು ಸಾಲಾಗಿ ನಡೆಸುವುದು. ಆಟದ ಪಿರಿಯಡ್ ಬಂದರೆ ಗಣಿತದವರು ಬಾಗಿಲಲ್ಲಿ ಬಂದು ನಿಂತು ಪಾಠ ಉಳಿದಿದೆ ಎನ್ನುತ್ತಿದ್ದರು. ಹೆಡ್ ಮಾಸ್ತರರು ಒಳ್ಳೆಯವರು, ಆದರೆ ಎಲ್ಲರ ಮುಂದೆ ನಗುತ್ತಾ, "ನಿಮಗೇನ್ರಿ ಕೆಲಸ, ಸೀಟಿ ಊದೂದು" ಎನ್ನುವರು. ಹೊಸದಾಗಿ ಬರುವವರು ಈ ಮಾತನ್ನು ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ನನಗೆ ಕೊನೆಯವರೆಗೂ ಸಿಗಲಿಲ್ಲ.

ಮೊದಲ ವರ್ಷವೇ ಒಂದು ದೊಡ್ಡ ತಪ್ಪು ಮಾಡಿದೆ. ಕಬಡ್ಡಿಯ ಅಂಕಣಕ್ಕೆ ಗೆರೆ ಹಾಕಬೇಕಿತ್ತು. ಅಲ್ಲಿಯವರೆಗೆ ಹೋಟೆಲಿನ ಒಲೆಯ ಬೂದಿ ತಂದು ಹಾಕುತ್ತಿದ್ದೆ. ಅದು ಗಾಳಿಗೆ ಹಾರಿ ಹೋಗುತ್ತಿತ್ತು. ಯಾರದೋ ಮನೆ ಕಟ್ಟುತ್ತಿದ್ದಲ್ಲಿ ಸುಣ್ಣ ಸಿಕ್ಕಿತು. ಸುಣ್ಣ ಎಂದರೆ ಸುಣ್ಣ ಎಂದುಕೊಂಡು ಪುಡಿ ಮಾಡಿ ಹಾಕಿಬಿಟ್ಟೆ. ಅದು ನೀರು ಹಾಕಿ ಅರಳಿಸದ ಸುಣ್ಣ, ಹಸಿ ತಾಗಿದರೆ ಸುಡುವಂಥದ್ದು. ಹಿಂದಿನ ದಿನ ಮಳೆ ಬಂದು ನೆಲ ಹಸಿಯಾಗಿತ್ತು. ಮಕ್ಕಳು ಬರಿಗಾಲಲ್ಲಿ ಆಡುವವರು. ಗೆರೆ ಮುಟ್ಟಿದವರೆಲ್ಲ ಕುಣಿಯತೊಡಗಿದರು. ಹುರುಪಿನಿಂದ ಕುಣಿಯುತ್ತಿದ್ದಾರೆ ಎಂದು ನಾನು ಇನ್ನಷ್ಟು ಸೀಟಿ ಊದಿದೆ. ಆಮೇಲೆ ಅಳು ಕೇಳಿಸಿತು.

ಆಗ ಓಡಿ ಬಂದವನು ಹನುಮಪ್ಪ ಎಂಬ ಕುರಿ ಕಾಯುವ ಮುದುಕ. ಅವನೇ ಕೊಡ ಕೊಡ ನೀರು ಹೊತ್ತು ತಂದು ಎಲ್ಲರ ಕಾಲು ತೊಳೆದ. ಸಂಜೆ ತಾಯಂದಿರು ಬಂದು ನನ್ನನ್ನು ಬೈದರು. ಬೈಸಿಕೊಳ್ಳುವುದೇ ನ್ಯಾಯವಾಗಿತ್ತು. ಅಂದಿನಿಂದ ಸುಣ್ಣ ಕೈಗೆ ಬಂದರೆ ಮೊದಲು ನನ್ನ ಅಂಗೈಗೆ ಸವರಿಕೊಂಡು ನೋಡುತ್ತೇನೆ. ನೀವೂ ನೋಡಿಕೊಳ್ಳಿ.

ಆ ಹನುಮಪ್ಪನಿಗೆ ಅರವತ್ತು ದಾಟಿತ್ತು. ದಿನವೂ ಕೋಲಿನ ಮೇಲೆ ಗದ್ದ ಊರಿ ಆಟ ನೋಡುತ್ತಿದ್ದ. ಒಂದು ದಿನ ಕಂಬಳಿ, ಕೋಲು ಎರಡನ್ನೂ ನೆಲಕ್ಕಿಟ್ಟು ಗೆರೆಯೊಳಗೆ ಬಂದೇ ಬಿಟ್ಟ. ಮಕ್ಕಳು ಕೂಗಿ ಸಂತೋಷಪಟ್ಟರು. ದಾರಿಯಲ್ಲಿ ಹೋಗುವವರು ಮುದುಕನಿಗೆ ಹುಚ್ಚು ಎಂದು ನಕ್ಕರು. ನನಗೆ ಹೆಡ್ ಮಾಸ್ತರರ ಭಯ.

"ಯಪ್ಪಾ, ಹೊರಗ ನಡಿ. ಬಿದ್ದಗಿದ್ದರ ಯಾರು ಹೊಣಿ?" ಎಂದೆ.

"ಬಿದ್ರ ನೆಲಾ ಅದಲ್ಲೋ ಮಾಸ್ತರ" ಎಂದ ಹನುಮಪ್ಪ. "ನೆಲಾ ಬಿಟ್ಟು ಬ್ಯಾರೆ ಎಲ್ಲಿ ಬೀಳತೀನಿ?"

ನಾನು ಒಪ್ಪಲಿಲ್ಲ. ತೋಳು ಹಿಡಿದು ಹೊರಗೆ ಕಳಿಸಿದೆ. ಅವನು ಕಂಬಳಿ ಜಾಡಿಸಿ ಹೆಗಲಿಗೆ ಹಾಕಿಕೊಂಡು ಕುರಿಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋದ. ಮತ್ತೆ ಆ ಕಡೆ ಬರಲಿಲ್ಲ. ಅಂದು ನಾನು ಮಾಡಿದ್ದು ತಪ್ಪು ಎಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದೇ ಸರಿಯಾಗಿತ್ತೇನೋ ಎಂದು ಈಗ ಅನ್ನಿಸುತ್ತದೆ. ಮರುಕ್ಷಣ ಅಲ್ಲ ಅನ್ನಿಸುತ್ತದೆ.

ಅಲ್ಲಿಂದ ಮಾನ್ವಿ ತಾಲೂಕಿನ ಬಾಗಲವಾಡಕ್ಕೆ ವರ್ಗವಾಯಿತು. ಆ ಊರಿನ ಹೆಣ್ಣುಮಕ್ಕಳು ಚೆನ್ನಾಗಿ ಆಡುತ್ತಿದ್ದರು. ಹೊಲದಲ್ಲಿ ಬಾಗಿ ಕೆಲಸ ಮಾಡಿದ ಮೈ, ಕಾಲಿನಲ್ಲಿ ಬಲ ಇತ್ತು. ಒಂದು ವರ್ಷ ಮಾನ್ವಿಯಲ್ಲಿ ನಡೆದ ತಾಲೂಕಿನ ಆಟಗಳಿಗೆ ನನ್ನನ್ನೇ ತೀರ್ಪುಗಾರನನ್ನಾಗಿ ಹಾಕಿದರು. ಅಂದು ನನ್ನ ಊರಿನ ತಂಡದ ಎದುರು ಇನ್ನೊಂದು ಊರಿನ ತಂಡ. ಹೀಗಿದ್ದಾಗ ತೀರ್ಪುಗಾರ ತನ್ನವರ ಮೇಲೆ ಸ್ವಲ್ಪ ಹೆಚ್ಚೇ ಬಿರುಸಾಗಿರುತ್ತಾನೆ. ನಾನೂ ಹಾಗೇ ಇದ್ದೆ. ಕೊನೆಯ ಹೊತ್ತಿನಲ್ಲಿ ನಮ್ಮ ಹುಡುಗಿಯೊಬ್ಬಳು ಇಬ್ಬರನ್ನು ಮುಟ್ಟಿ, ಹಿಡಿದವರನ್ನು ಎಳೆದುಕೊಂಡೇ ಮಧ್ಯದ ಗೆರೆಯ ಕಡೆ ಕಾಲು ಚಾಚಿದಳು. ಕಬಡ್ಡಿಯಲ್ಲಿ ದಮ್ಮು ಮುಗಿಯುವುದರೊಳಗೆ ಆ ಗೆರೆ ಮುಟ್ಟಬೇಕು. ನಾನು ಸೂರ್ಯನಿಗೆ ಎದುರಾಗಿ ನಿಂತಿದ್ದೆ. ಕಣ್ಣಿಗೆ ಏನೂ ಕಾಣಲಿಲ್ಲ. ಕಾಣಲಿಲ್ಲ ಎಂದು ಹೇಳುವ ಧೈರ್ಯವಿರಲಿಲ್ಲ. ಸೀಟಿ ಊದಿ, ಔಟ್ ಎಂದು ಕೈ ಎತ್ತಿದೆ.

ಹುಡುಗಿ ವಾದ ಮಾಡಲಿಲ್ಲ. ನನ್ನ ಮುಂದೆ ಬಂದು ನಿಂತು ಬಲಗಾಲು ಮುಂದಿಟ್ಟಳು. ಹೆಬ್ಬೆರಳ ತುದಿಗೆ ಬಿಳಿ ಸುಣ್ಣ.

ನಾನು ಮೇಲಿನವರ ಮುಖ ನೋಡಿದೆ. ನಮ್ಮ ಪರಿವೀಕ್ಷಕರು ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: "ಎತ್ತಿದ ಕೈ ಇಳಸಬ್ಯಾಡ. ಒಮ್ಮೆ ಇಳಿಸಿದಿ ಅಂದ್ರ ನಾಳಿಂದ ಯಾರೂ ನಿನ್ನ ಮಾತು ಕೇಳೂದಿಲ್ಲ." ನಾನು ಇಳಿಸಲಿಲ್ಲ. ನಮ್ಮ ತಂಡ ಒಂದು ಅಂಕದಿಂದ ಸೋತಿತು. ಮರಳಿ ಬರುವಾಗ ಟೆಂಪೋದಲ್ಲಿ ಆ ಹುಡುಗಿ ನನ್ನ ಎದುರಿನ ಸೀಟಿನಲ್ಲೇ ಕುಳಿತಿದ್ದಳು. ಕಾಲು ತೊಳೆದಿರಲಿಲ್ಲ. ಬಾಗಲವಾಡ ಬರುವವರೆಗೆ ನಾನು ಕಿಟಕಿಯ ಕಡೆಯೇ ನೋಡುತ್ತಿದ್ದೆ.

ಅದಾದ ಮೇಲೆ ನಾನು ಸೂರ್ಯನನ್ನು ಬೆನ್ನಿಗೆ ಮಾಡಿಕೊಂಡೇ ನಿಲ್ಲುತ್ತೇನೆ. ಆದರೆ ಪರಿವೀಕ್ಷಕರ ಮಾತನ್ನೂ ಬಿಡಲಿಲ್ಲ. ಮೂವತ್ತಮೂರು ವರ್ಷಗಳ ನೌಕರಿಯಲ್ಲಿ ಎತ್ತಿದ ಕೈಯನ್ನು ಒಂದು ಸಲವೂ ಇಳಿಸಿದವನಲ್ಲ. ಅದನ್ನೇ ಹೆಮ್ಮೆ ಎಂದು ಹೇಳಿಕೊಂಡು ತಿರುಗಿದ್ದೇನೆ. ಆ ಪರಿವೀಕ್ಷಕರು ನಿವೃತ್ತರಾದ ಮೇಲೆ ಒಂದು ಸಲ ರಾಯಚೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕರು. ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲು ಇಬ್ಬರು ಹಿಡಿಯಬೇಕಿತ್ತು. ಆ ಹುಡುಗಿಯ ವಿಷಯ ತೆಗೆದೆ. "ಯಾವ ಹುಡುಗಿ?" ಎಂದರು. ಅವರಿಗೆ ನೆನಪೇ ಇರಲಿಲ್ಲ. ಅವರು ಮರೆತದ್ದನ್ನು ನಾನು ಹೊತ್ತುಕೊಂಡು ತಿರುಗುತ್ತಿದ್ದೆ.

ಕೆಲಸದ ರೀತಿ ಬಹಳ ಬದಲಾಯಿತು. ಮೊದಲು ಸಾವಧಾನ್, ವಿಶ್ರಾಮ್ ಎಂದು ಲೆಕ್ಕ ಹೇಳಿ ಕೈಕಾಲು ಆಡಿಸುವುದೇ ವ್ಯಾಯಾಮ. ಆಮೇಲೆ ಯೋಗ ಬಂತು. ಕೊನೆಯ ವರ್ಷಗಳಲ್ಲಿ ಮೊಬೈಲು ಬಂತು. ಆಟ ಆಡಿಸಿ ಫೋಟೊ ಕಳಿಸಬೇಕು. ಒಂದು ದಿನ ಮಕ್ಕಳನ್ನು ಫೋಟೊಕ್ಕೆ ಸಾಲಾಗಿ ನಿಲ್ಲಿಸಿ ಸರಿ ಮಾಡುವುದರಲ್ಲೇ ಪಿರಿಯಡ್ ಮುಗಿದು ಹೋಯಿತು. ಫೋಟೊದಲ್ಲಿ ಎಲ್ಲರೂ ಓಡುವ ಹಾಗೆ ನಿಂತಿದ್ದರು. ಯಾರೂ ಓಡಿರಲಿಲ್ಲ.

ಇನ್ನೊಂದನ್ನು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಆಡಿಸಿದ ನಾನು ಆಡಲಿಲ್ಲ. ಆಟದ ಮಾಸ್ತರ ಗೆರೆಯ ಹೊರಗೆ ನಿಲ್ಲುವವನು. ಊದುವುದು, ಕೂಗುವುದು, ಕೈ ತೋರಿಸುವುದು. ಇದೇ ವ್ಯಾಯಾಮ ಎಂದುಕೊಂಡಿದ್ದೆ. ನಿವೃತ್ತನಾಗಿ ರಾಯಚೂರಿಗೆ ಬಂದು ಎರಡು ವರ್ಷವಾಗುವಷ್ಟರಲ್ಲಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಗೋಡೆ ಹಿಡಿಯಬೇಕಾಯಿತು. ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಿರಿ ಎಂದರು.

ನಮ್ಮ ಓಣಿಯ ಹತ್ತಿರದ ಶಾಲೆಯ ಮೈದಾನದಲ್ಲಿ ಬೆಳಿಗ್ಗೆ ಸುತ್ತು ಹಾಕತೊಡಗಿದೆ. ನನ್ನಂಥವರು ಏಳೆಂಟು ಜನ, ಗಾಣದ ಎತ್ತಿನ ಹಾಗೆ, ತಲೆ ತಗ್ಗಿಸಿಕೊಂಡು. ಶಾಲೆಯ ಮೆಟ್ಟಿಲ ಮೇಲೆ ಒಬ್ಬ ಎತ್ತರದ ಮನುಷ್ಯ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿರುತ್ತಿದ್ದ. ನಾಲ್ಕನೆಯ ದಿನವೋ ಐದನೆಯ ದಿನವೋ ಕೇಳಿದ:

"ಮಾಸ್ತರ್ರೀ, ಏನು ಕಳಕೊಂಡೀರಿ? ದಿನಾ ಸುತ್ತಿ ಸುತ್ತಿ ಹುಡುಕಾಕತ್ತೀರಲ್ಲ."

ಅವನೇ ಮೌಲಾಸಾಬ. ಹತ್ತಿ ಮಿಲ್ಲಿನಲ್ಲಿ ನಲವತ್ತು ವರ್ಷ ಹಮಾಲಿ ಮಾಡಿದವನು. ನೀವೂ ನಡೆಯಿರಿ ಎಂದರೆ, ಜೀವಮಾನವಿಡೀ ಬೆನ್ನ ಮೇಲೆ ಹತ್ತಿ ಹೊತ್ತು ನಡೆದಿದ್ದೇನೆ, ಈಗ ಬರೀ ಬೆನ್ನಿಟ್ಟುಕೊಂಡು ಯಾಕೆ ನಡೆಯಲಿ ಎಂದ. ಆಟವಾದರೆ ಬರುತ್ತೇನೆ ಎಂದ. ಅಂದು ನನಗೆ ಜಾಲಹಳ್ಳಿಯ ಹನುಮಪ್ಪ ನೆನಪಾದ. ಮರುದಿನ ಡಬ್ಬಿಯಲ್ಲಿ ಸುಣ್ಣ ತಂದು ಗೆರೆ ಎಳೆದೆ.

ವಯಸ್ಸಾದವರ ಕಬಡ್ಡಿಗೆ ನಾವೇ ನಿಯಮ ಮಾಡಿಕೊಂಡೆವು. ಹಿಡಿಯುವಂತಿಲ್ಲ, ಮುಟ್ಟುವುದಷ್ಟೇ. ಓಡುವಂತಿಲ್ಲ, ಬಿರುಸಾಗಿ ನಡೆಯಬಹುದು. ಬಾಯಲ್ಲಿ ಎಲೆ ಇರಬಾರದು. ಕಟ್ಟಿಸಿಕೊಂಡ ಹಲ್ಲು ಇದ್ದವರು ತೆಗೆದು ಇಡಬೇಕು. ಈ ಕೊನೆಯ ನಿಯಮ ನರಸಪ್ಪನಿಂದಾಗಿ ಬಂತು. ಅವನು ಸಿಟಿ ಬಸ್ಸಿನ ಡ್ರೈವರ್ ಆಗಿದ್ದವನು. ಮೊದಲ ದಿನವೇ ಕಬಡ್ಡಿ ಕಬಡ್ಡಿ ಎಂದು ಜೋರಾಗಿ ಹೇಳುತ್ತ ಹೋದಾಗ ಹಲ್ಲಿನ ಸೆಟ್ಟು ಹೊರಗೆ ಹಾರಿ ಎದುರು ತಂಡದವನ ಕಾಲ ಬಳಿ ಬಿತ್ತು. ಅದು ಮುಟ್ಟಿದ ಲೆಕ್ಕವೇ ಎಂದು ಮೌಲಾಸಾಬ ಅರ್ಧ ತಾಸು ವಾದ ಮಾಡಿದ. ನಾನು ಲೆಕ್ಕವಲ್ಲ ಎಂದು ಕೈ ಎತ್ತಿದೆ.

ಮೂರು ವರ್ಷ ಆಡಿದೆವು. ನನ್ನನ್ನು ಬಿಟ್ಟು ಎಲ್ಲರೂ ಆಡಿದರು ಎನ್ನಬೇಕು. ನಾನು ಅಲ್ಲಿಯೂ ಸೀಟಿ ಹಿಡಿದು ಹೊರಗೇ ನಿಂತೆ. ಆದರೂ ಜೊತೆಯಲ್ಲಿ ಬಗ್ಗಿ, ಎದ್ದು, ಗೆರೆ ಎಳೆದು ನನ್ನ ಮೈಯೂ ಸಡಿಲವಾಯಿತು. ನರಸಪ್ಪ ಮದುವೆ ಮನೆಯ ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಣ್ಣುವಂತಾದ. ಮೌಲಾಸಾಬನಂತೂ ಮೋಸದ ಆಟಗಾರ. ದಮ್ಮು ಮುಗಿದರೂ ತುಟಿ ಆಡಿಸುತ್ತಿದ್ದ. ಸಿಕ್ಕಿಬಿದ್ದರೆ ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದ. ಎಲ್ಲರೂ ಗಾಬರಿಯಾಗಿ ಹತ್ತಿರ ಹೋದರೆ ಒಬ್ಬನನ್ನು ಮುಟ್ಟಿ ಎದ್ದು ಹೋಗುತ್ತಿದ್ದ. ಎರಡು ಸಲ ಹಾಗೆ ಮಾಡಿದ. ಮೂರನೆಯ ಸಲ ಯಾರೂ ಹತ್ತಿರ ಹೋಗಲಿಲ್ಲ.

ಅವನಿಗೆ ಇನ್ನೊಂದು ರೂಢಿ ಇತ್ತು. ಆಟದ ನಡುವೆ ಬಿಡುವು ಸಿಕ್ಕರೆ ಎಲೆ ಮಡಚುವುದು. ತೋರುಬೆರಳಿನಿಂದ ಸುಣ್ಣ ತೆಗೆದು ಎಲೆಗೆ ಸವರಿ, ಉಳಿದ ಸುಣ್ಣವನ್ನು ಮೈದಾನದ ಕಬ್ಬಿಣದ ಕಂಬಕ್ಕೆ ಒರೆಸುವುದು. ಆ ಕಂಬದ ಮೇಲೆ ಅವನ ಬೆರಳಿನ ಬಿಳಿ ಗುರುತುಗಳು ಸಾಲಾಗಿ ಇದ್ದವು. ಬೈದರೆ, "ನೀವು ನೆಲಕ್ಕ ಸುಣ್ಣ ಹಚ್ಚತೀರಿ, ನಾನು ಕಂಬಕ್ಕ ಹಚ್ಚತೀನಿ" ಎನ್ನುತ್ತಿದ್ದ.

ಚಳಿಗಾಲದ ಒಂದು ಬೆಳಿಗ್ಗೆ. ಅಂಕ ಏಳಕ್ಕೆ ಏಳು. ಮೌಲಾಸಾಬ ಹೋದ, ನರಸಪ್ಪನ ಹೆಗಲು ಮುಟ್ಟಿದ, ತಿರುಗಿದ. ಗೆರೆಗೆ ಇನ್ನು ಎರಡು ಹೆಜ್ಜೆ ಇರುವಾಗ ಅವನ ಕಬಡ್ಡಿ ಸಣ್ಣದಾಯಿತು. ಮೊಣಕಾಲೂರಿ, ಆಮೇಲೆ ಮುಂದಕ್ಕೆ, ಬಲಗೈ ಗೆರೆಯ ಕಡೆ ಚಾಚಿ ಬಿದ್ದ. "ದಮ್ ಹೋತು" ಎಂದ. ನಮ್ಮಲ್ಲಿ ಆಟದ ಉಸಿರಿಗೂ ದಮ್ಮು ಎನ್ನುತ್ತಾರೆ, ಉಬ್ಬಸಕ್ಕೂ ದಮ್ಮು ಎನ್ನುತ್ತಾರೆ. ನಾನು ಆಟದ ದಮ್ಮು ಎಂದುಕೊಂಡೆ. ಸೀಟಿ ಊದಿ ಕೈ ಎತ್ತಿದೆ. ಎಲ್ಲರೂ ನಕ್ಕರು. "ನಾಟಕ ಸಾಕಲೇ ಸಾಬ, ಏಳು" ಎಂದ ನರಸಪ್ಪ. ನಾವು ಎಷ್ಟು ಹೊತ್ತು ನಕ್ಕೆವು ಎಂದು ನನಗೆ ಗೊತ್ತಿಲ್ಲ. ಎತ್ತಿದ ಕೈಯನ್ನು ಯಾವಾಗ ಇಳಿಸಿದೆ ಎಂಬುದೂ ನೆನಪಿಲ್ಲ. ಆಟೋದಲ್ಲಿ ಅವನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಗೆ ಮುಟ್ಟಿದಾಗ ಮುಗಿದಿತ್ತು.

ಮನೆಯಲ್ಲಿ ಕೂತಿದ್ದರೂ ಹೀಗೇ ಆಗಬಹುದಿತ್ತು ಎಂದರು ಡಾಕ್ಟರು. ಮೌಲಾಸಾಬನ ಅಳಿಯ, "ಈ ವಯಸ್ಸಿನ್ಯಾಗ ಆಡಸೂದೇನ್ರಿ?" ಎಂದು ಒಂದೇ ಮಾತು ಕೇಳಿ ಮುಖ ತಿರುಗಿಸಿದ. ಮೂರು ವರ್ಷ ಆಡಿದ್ದರಿಂದಲೇ ಮೂರು ವರ್ಷ ಬದುಕಿದ ಎಂದ ನರಸಪ್ಪ. ಮೂರು ಮಾತೂ ನನಗೆ ನಿಜವೆನ್ನಿಸಿದವು. ಮೂರೂ ಒಟ್ಟಿಗೆ ನಿಜವಾಗಿರುವುದು ಹೇಗೆ ಎಂದು ಅರ್ಥವಾಗಲಿಲ್ಲ.

ಆಟ ನಿಂತಿತು. ಆದರೆ ಚಹಾದಂಗಡಿಯಲ್ಲಿ ಬೇರೊಂದು ಜಗಳ ಶುರುವಾಯಿತು. ಬೀಳುವಾಗ ಸಾಬನ ಕೈ ಗೆರೆ ಮುಟ್ಟಿತ್ತು, ಮುಟ್ಟಿದ ಮೇಲೆ ದಮ್ ಹೋಯಿತು, ಆದ್ದರಿಂದ ಔಟಲ್ಲ ಎಂದು ನರಸಪ್ಪ. ಮುಟ್ಟಿರಲಿಲ್ಲ, ಒಂದು ಗೇಣು ಉಳಿದಿತ್ತು ಎಂದು ನರಸಪ್ಪನದೇ ತಂಡದವರು. ನೋಡಿದರೆ ಔಟಲ್ಲ ಎಂಬುದು ನರಸಪ್ಪನಿಗೇ ವಿರುದ್ಧವಾಗಿ ಹೋಗುವ ವಾದ, ಅವನು ಸಾಬನ ಎದುರು ತಂಡದವನು. ಆದರೂ ಅವನು ಬಿಡಲಿಲ್ಲ. ಕಣ್ಣಲ್ಲಿ ನೀರು ತಂದುಕೊಂಡು ಮೇಜು ಗುದ್ದಿದ. ಎಲ್ಲರೂ ನನ್ನ ಕಡೆ ತಿರುಗಿದರು. ಔಟ್ ಕೊಟ್ಟಾಗಿದೆ ಎಂದು ಹೇಳಿ ಎದ್ದು ಬಂದೆ. ನಿಜ ಹೇಳಬೇಕೆಂದರೆ ನಾನು ಅವನ ಬಾಯಿ ನೋಡುತ್ತಿದ್ದೆ, ಮೋಸ ಮಾಡುತ್ತಾನೆಂದು. ಕೈ ನೋಡಿರಲಿಲ್ಲ.

ಮೌಲಾಸಾಬನ ಹೆಂಡತಿ ಹಲೀಮಾಬಿ. ನಾನು ಭಾಬಿ ಎನ್ನುತ್ತೇನೆ. ಗಂಡ ತೀರಿದ ಮೇಲೆ ಅವರಲ್ಲಿ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುತ್ತಾರೆ, ಹೊರಗಿನ ಗಂಡಸರ ಮುಂದೆ ಬರುವುದಿಲ್ಲ. ಹಾಗಾಗಿ ಅಷ್ಟು ದಿನ ನಾನು ಅವರ ಮುಖ ನೋಡಬೇಕಾಗಿರಲಿಲ್ಲ. ಅದು ನನಗೆ ಸಮಾಧಾನವೂ ಆಗಿತ್ತು, ಸಂಕಟವೂ ಆಗಿತ್ತು. ಆ ದಿನಗಳು ಮುಗಿದ ಮೇಲೆ ಮಗಳ ಕೈಯಲ್ಲಿ ಫೋನು ಮಾಡಿಸಿ ಬರಹೇಳಿದರು. ನಾನೂ ನನ್ನ ಹೆಂಡತಿಯೂ ಹೋದೆವು. ತಪ್ಪಾಯಿತು ಎಂದು ಹೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ.

ಭಾಬಿ ಅದಕ್ಕೆ ಅವಕಾಶ ಕೊಡಲಿಲ್ಲ. ಚಹಾ ಕೊಟ್ಟು ಕೂತವರೇ ಕೇಳಿದರು.

"ಮಾಸ್ತರ ಭಾಯಿ, ಖರೇ ಹೇಳ್ರಿ. ಅವತ್ತು ಅವ್ರು ಔಟಾಗಿದ್ರೇನು?"

"ನಾನು ಔಟ್ ಕೊಟ್ಟೆ, ಭಾಬಿ" ಎಂದೆ.

"ಕೊಟ್ಟಿದ್ದು ಗೊತ್ತದ. ಆಗಿದ್ರೇನು ಅಂತ ಕೇಳಾಕತ್ತೀನಿ."

ಯಾಕೆ ಕೇಳುತ್ತಿದ್ದಾರೆ ಎಂದು ನನಗೆ ಅರ್ಥವಾಗಿಲ್ಲ ಎಂಬುದನ್ನು ನನ್ನ ಮುಖ ನೋಡಿ ತಿಳಿದುಕೊಂಡಿರಬೇಕು. ಅವರೇ ಹೇಳಿದರು. ಮೂರು ವರ್ಷ ದಿನವೂ ಮೌಲಾಸಾಬ ಮನೆಗೆ ಬಂದು ಚಪ್ಪಲಿ ಬಿಡುವ ಮುಂಚೆ ಅದನ್ನೇ ಹೇಳುತ್ತಿದ್ದನಂತೆ. ಇವತ್ತು ಇಬ್ಬರನ್ನು ಹೊಡೆದೆ, ಇವತ್ತು ಔಟಾದೆ, ಇವತ್ತು ಮಾಸ್ತರ ಮೋಸ ಮಾಡಿದ. ಭಾಬಿ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಹಾಗೆ ಇರುತ್ತಿದ್ದರಂತೆ.

"ಎಲ್ಲಾ ದಿನದ್ದು ಹೇಳ್ಯಾರ. ಅವತ್ತಿಂದು ಒಂದು ನನಗ ಗೊತ್ತಿಲ್ಲ" ಎಂದರು.

ಆಗ ನನಗೆ ಬಾಗಲವಾಡದ ಹುಡುಗಿಯ ಹೆಬ್ಬೆರಳು ಕಣ್ಣ ಮುಂದೆ ಬಂತು. ಆಸ್ಪತ್ರೆಯಲ್ಲಿ ಅವನ ಕೈಗೆ ಸುಣ್ಣ ಇತ್ತೇ ಎಂದು ಕೇಳಿದೆ.

"ಇತ್ರಿ. ಸೆರಗಿಲೆ ಒರಸಿದೆ" ಎಂದರು ಭಾಬಿ. "ಎಲಿ ಸುಣ್ಣ ಅಂತ ತಿಳಕೊಂಡೆ. ಹೋಗೂ ಮುಂದನೂ ಎಲಿ ಬಿಡಲಿಲ್ಲಲ್ಲ ಅಂತ ಸಿಟ್ಟೂ ಬಂತು."

ಯಾವ ಬೆರಳಿಗೆ ಎಂದು ಕೇಳಿದೆ. ಅವರು ತಮ್ಮ ಬಲಗೈಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಅದು ಬೇರೆ ಯಾರದೋ ಕೈ ಎನ್ನುವ ಹಾಗೆ ಒಂದೊಂದೇ ಬೆರಳು ನೋಡಿದರು. ತೋರುಬೆರಳನ್ನು ಹಿಡಿದರು, ಬಿಟ್ಟರು. ನಡುಬೆರಳನ್ನು ಹಿಡಿದರು.

"ಒರಸೂ ಮುಂದ ಯಾರು ನೋಡ್ತಾರ್ರಿ, ಭಾಯಿ."

ಆಮೇಲೆ ಇನ್ನೊಂದು ಮಾತು ಹೇಳಿದರು. ತೀರಿಕೊಳ್ಳುವ ಒಂದು ವಾರ ಮುಂಚೆ ಅವನು ಎದೆ ಹಿಡಿದಂತಾಗುತ್ತದೆ ಎಂದಿದ್ದನಂತೆ. ಇವರು ಗ್ಯಾಸು ಎಂದು ಓಮಿನ ಕಾಳು ಕೊಟ್ಟಿದ್ದರಂತೆ. ಮಾಸ್ತರನಿಗೆ ಹೇಳಬೇಡ, ಹೇಳಿದರೆ ಆಟಕ್ಕೆ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದನಂತೆ. ನಾನು ತಪ್ಪೊಪ್ಪಿಕೊಳ್ಳಲು ಬಂದವನು. ಅವರೂ ಅದಕ್ಕೇ ಕರೆಸಿದ್ದರೋ ಏನೋ. ಯಾರು ಯಾರಿಗೆ ಏನು ಹೇಳಬೇಕು ಎಂದು ಇಬ್ಬರಿಗೂ ತಿಳಿಯಲಿಲ್ಲ. ನನ್ನ ಹೆಂಡತಿ ಎದ್ದು ಹೋಗಿ ಅವರ ಪಕ್ಕ ಕೂತಳು.

"ಹಂಗಾರ ಔಟಾ, ಅಲ್ಲಾ?" ಎಂದು ಭಾಬಿ ಮತ್ತೆ ಕೇಳಿದರು.

"ನನಗ ಗೊತ್ತಿಲ್ಲ, ಭಾಬಿ. ನಾನು ನೋಡಲಿಲ್ಲ" ಎಂದೆ.

ಮಾನ್ವಿಯಲ್ಲಿ ಆ ಹುಡುಗಿಗೆ ಹೇಳಬೇಕಾಗಿದ್ದ ಮಾತು ಅದು. ಹೇಳಲು ಇಷ್ಟು ವರ್ಷ ಬೇಕಾಯಿತು. ಭಾಬಿ ಬೈಯಲಿಲ್ಲ, ಅಳಲಿಲ್ಲ. ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸುತ್ತಾ, "ಗೊತ್ತಿಲ್ಲಂದ್ರ ಆಟ ಮುಗದಿಲ್ಲ ಅಂತಾತಲ್ಲ" ಎಂದರು. ಅದನ್ನು ಸಿಟ್ಟಿನಿಂದ ಹೇಳಿದರೋ, ಸಮಾಧಾನಕ್ಕೆ ಹೇಳಿದರೋ, ಸುಮ್ಮನೆ ಹೇಳಿದರೋ ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಬಿಸಿಲೇರುವ ಮುಂಚೆ ಮೈದಾನಕ್ಕೆ ಹೋದೆ. ಕಂಬದ ಮೇಲೆ ಅವನ ಬೆರಳಿನ ಗುರುತುಗಳು ಹಾಗೇ ಇದ್ದವು. ಸುಣ್ಣವನ್ನು ಅಂಗೈಗೆ ಸವರಿ ನೋಡಿ ಮಧ್ಯದ ಗೆರೆ ಎಳೆದೆ. ಆಮೇಲೆ ಮೌಲಾಸಾಬ ಬಿದ್ದ ಜಾಗದಲ್ಲಿ ಮೊಣಕಾಲೂರಿ, ನಿಧಾನವಾಗಿ ಹೊಟ್ಟೆಯ ಮೇಲೆ ಮಲಗಿ, ಅವನ ಹಾಗೆ ಬಲಗೈ ಚಾಚಿದೆ. ಯಾವ ಬೆರಳಿಗೆ ಸುಣ್ಣ ಹತ್ತುತ್ತದೆ ಎಂದು ನೋಡಬೇಕಾಗಿತ್ತು. ನೇರ ಚಾಚಿದರೆ ನಡುಬೆರಳು ಮೊದಲು ಮುಟ್ಟಿತು. ಅಂಗೈ ಸ್ವಲ್ಪ ಓರೆ ಮಾಡಿದರೆ ತೋರುಬೆರಳೊಂದೇ ಮುಟ್ಟಿತು. ಅಂದರೆ ಭಾಬಿಗೆ ತೋರುಬೆರಳೆಂದು ನೆನಪಾಗಿದ್ದರೆ ಅದು ಎಲೆಯ ಸುಣ್ಣವೋ ಗೆರೆಯ ಸುಣ್ಣವೋ ತಿಳಿಯುತ್ತಿರಲಿಲ್ಲ, ನಡುಬೆರಳಾಗಿದ್ದರೂ ಮುಟ್ಟಿದ್ದು ದಮ್ಮು ಹೋಗುವ ಮುಂಚೆಯೋ ಆಮೇಲೋ ಎಂಬ ತೀರ್ಪು ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಹಿಂದೆ ಚಪ್ಪಲಿಯ ಸಪ್ಪಳ. "ಯವ್ವಾ, ಮಾಸ್ತರೂ ಹೋದ್ರಲೇ" ಎಂದು ನರಸಪ್ಪ ಓಡಿ ಬರುತ್ತಿದ್ದ. ಆಟ ನಿಂತ ಮೇಲೆ ಮತ್ತೆ ಬೆಳಗಿನ ಸುತ್ತಿಗೆ ಬರುತ್ತಿದ್ದವರೆಲ್ಲ ಓಡಬಾರದೆಂಬ ನಿಯಮ ಮರೆತು ಓಡಿ ಬಂದರು. ನಾನು ಹೋಗಿಲ್ಲ, ಬಿದ್ದೂ ಇಲ್ಲ, ಮಲಗಿದ್ದೇನೆ ಎಂದೆ. ಆದರೆ ಏಳಲು ಆಗಲಿಲ್ಲ. ಇಬ್ಬರು ತೋಳು ಹಿಡಿದು ಎತ್ತಿ ನಿಲ್ಲಿಸಿದರು. ನರಸಪ್ಪ ನನ್ನ ಅಂಗಿಯ ಮಣ್ಣು ಕೊಡವುತ್ತಾ ಬಾಯಿಗೆ ಬಂದಂತೆ ಬೈದ. ಬೈದು ಮುಗಿದ ಮೇಲೆ ಗೆರೆಯನ್ನು ನೋಡಿದ.

"ಎಷ್ಟಿತ್ತು ಅವತ್ತು?" ಎಂದ.

"ಏಳಕ್ಕ ಏಳು. ಸಾಬನ ಸರದಿ ಇನ್ನೂ ಮುಗದಿಲ್ಲ" ಎಂದೆ. "ಕೈ ಇಳಿಸೀನಿ."

ಎಲ್ಲರೂ ಚಪ್ಪಲಿ ಬಿಟ್ಟು ಗೆರೆಯ ಎರಡೂ ಕಡೆ ನಿಂತರು. ಆಡುವ ಮುಂಚೆ ಒಬ್ಬೊಬ್ಬರನ್ನೇ ಎದೆ ಹೇಗಿದೆ, ತಲೆ ಸುತ್ತುತ್ತದೆಯೇ ಎಂದು ಕೇಳಿದೆ. ಹೆಂಡತಿಯ ಮೇಲೆ ಆಣೆ ಹಾಕಿಸಿಯೇ ಕೇಳಿದೆ. ಈ ನಿಯಮ ಮೊದಲೇ ಇರಬೇಕಿತ್ತು. ಜಾಲಹಳ್ಳಿಯ ತಂಗಿ, ನೀನು ಬರೆದುಕೊಳ್ಳುವುದಾದರೆ ಇದೊಂದನ್ನು ಬರೆದುಕೋ. ಉಳಿದದ್ದರಲ್ಲಿ ನಿನಗೆ ಉಪಯೋಗದ್ದು ಯಾವುದೋ ನನಗೆ ಗೊತ್ತಾಗುತ್ತಿಲ್ಲ.

ಸಾಬನ ಬದಲಿಗೆ ಹೋಗುವವರು ಯಾರು ಎಂಬ ಮಾತು ಬಂತು. ನಾನು ಕೊರಳಿನಿಂದ ಸೀಟಿ ತೆಗೆದು ನರಸಪ್ಪನ ಕೈಗೆ ಕೊಟ್ಟೆ. ಅವನು ನಿಯಮದಂತೆ ಹಲ್ಲು ತೆಗೆದು ಕರವಸ್ತ್ರದಲ್ಲಿ ಕಟ್ಟಿಟ್ಟಿದ್ದ. ಹಲ್ಲಿಲ್ಲದ ಬಾಯಲ್ಲಿ ಸೀಟಿ ನಿಲ್ಲಲಿಲ್ಲ. ಎರಡು ಸಲ ಜಾರಿ ಬಿತ್ತು. ಕೊನೆಗೆ ಅದನ್ನು ಕೈಯಲ್ಲೇ ಹಿಡಿದುಕೊಂಡು, "ಹೋಗ್ರಿ" ಎಂದು ತಲೆಯಾಡಿಸಿದ.

ನಾನು ಗೆರೆ ದಾಟಿ ಒಳಗೆ ಕಾಲಿಟ್ಟೆ. ಕಬಡ್ಡಿ ಕಬಡ್ಡಿ ಎಂದು ಶುರು ಮಾಡಿದೆ. ಇಷ್ಟು ವರ್ಷ ಬೇರೆಯವರ ದಮ್ಮು ಅಳೆದವನಿಗೆ ತನ್ನದು ಎಷ್ಟಿದೆ ಎಂದು ಗೊತ್ತಿರಲಿಲ್ಲ. ಆರನೆಯ ಹೆಜ್ಜೆಗೆ ಮುಗಿಯಿತು. ಯಾರನ್ನೂ ಮುಟ್ಟಿರಲಿಲ್ಲ, ಗೆರೆ ಬಹಳ ಹಿಂದೆ ಉಳಿದಿತ್ತು. ನರಸಪ್ಪ ಮತ್ತೆ ಬಾಯಿಗಿಡಲು ಹೋಗಿ ಬೀಳಿಸಿದ ಸೀಟಿ ಹುಡುಕುತ್ತಿದ್ದ. ನಾನೇ ಕೈ ಎತ್ತಿದೆ. ಔಟಾಗಿದ್ದೆ. ಅದರಲ್ಲಿ ಮಾತ್ರ ಯಾರಿಗೂ ಅನುಮಾನ ಇರಲಿಲ್ಲ.